ಮರಿನಾಯಿಯ ಮೊದಲ ಪಾಠಗಳು: ಮನೆಗೇ ಬಂದು ಕಲಿಸುವ ಸೇವೆಯೊಂದರ ವಿಮರ್ಶೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆಗಳಿಗೇ ಬಂದು ಮರಿನಾಯಿಗಳಿಗೆ ಶೌಚದ ಅಭ್ಯಾಸವನ್ನೂ ಹೇಳಿದ ಮಾತು ಕೇಳುವ ಮೊದಲ ಪಾಠಗಳನ್ನೂ ಕಲಿಸುವ ತರಬೇತುದಾರರೊಬ್ಬರ ಸೇವೆಯನ್ನು ನಾವು ಪಡೆದುಕೊಂಡೆವು. ಅವರು ಒಬ್ಬರೇ ಈ ಕೆಲಸ ನಡೆಸುವವರು. ಈಗಾಗಲೇ ಒಪ್ಪಿಕೊಂಡ ಮನೆಗಳೇ ಹೆಚ್ಚಾಗಿರುವುದರಿಂದ ತಮ್ಮ ಹೆಸರನ್ನು ಬರೆಯುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಆದರೂ ಈ ವಿಮರ್ಶೆಯನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಥ ಸೇವೆಯನ್ನು ಈಗ ನಗರಗಳಲ್ಲಿ ಹಲವರು ಕೊಡುತ್ತಿದ್ದಾರೆ, ಮೊದಲ ಬಾರಿಗೆ ನಾಯಿ ಸಾಕುವವರಿಗೆ ಅವರಲ್ಲಿ ಯಾರನ್ನು ನಂಬಬೇಕೆಂದು ತಿಳಿಯುವುದಿಲ್ಲ, ಮತ್ತು ತಪ್ಪು ಕೈಗೆ ಸಿಕ್ಕ ಮರಿ ಜೀವನಪೂರ್ತಿ ಅಂಜಿಕೆಯಲ್ಲಿ ಬದುಕುತ್ತದೆ. ನನ್ನ ಅಳತೆಗೋಲು ಒಂದೇ. ತರಬೇತುದಾರರು ವಾರಕ್ಕೆ ಒಂದು ಗಂಟೆ ಬರುತ್ತಾರೆಂದರೆ ಉಳಿದ 167 ಗಂಟೆ ಮರಿ ಇರುವುದು ಮನೆಯವರ ಜೊತೆಯಲ್ಲಿ. ಆ ಗಂಟೆಗಳಿಗೆ ಮನೆಯವರನ್ನು ಯಾರು ಚೆನ್ನಾಗಿ ಸಿದ್ಧಗೊಳಿಸುತ್ತಾರೋ ಅವರ ಸೇವೆಗೆ ಮಾತ್ರ ಹಣ ಕೊಡಬಹುದು.

ನಮ್ಮದು ನಾಲ್ಕನೆಯ ಮಹಡಿಯ ಫ್ಲ್ಯಾಟು. ಗಂಡ, ಮಗಳು ಮತ್ತು ನಾನು ಬೆಳಗ್ಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿರುವವರು ಅತ್ತೆಯವರು ಮತ್ತು ಮಧ್ಯಾಹ್ನದವರೆಗೆ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಬೀದಿಯಲ್ಲಿ ಹುಟ್ಟಿ, ಆಶ್ರಯಧಾಮವೊಂದರಲ್ಲಿ ಕೆಲವು ವಾರ ಬೆಳೆದ ನಾಡತಳಿಯ ಹೆಣ್ಣುಮರಿ ಚುಕ್ಕಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಎರಡು ತಿಂಗಳು ದಾಟಿತ್ತು. ತರಬೇತುದಾರರು ಕೇಳಿದ ಮೊದಲ ಪ್ರಶ್ನೆ ಇದರ ಬಗ್ಗೆಯೇ: ಮರಿ ಎಲ್ಲಿಂದ ಬಂತು, ಯಾವ ವಯಸ್ಸಿನಲ್ಲಿ ತಾಯಿಯನ್ನು ಬಿಟ್ಟಿತು, ಮಲಗುತ್ತಿದ್ದ ಜಾಗ ಹೇಗಿತ್ತು. ಆರೋಗ್ಯವಂತ ಮರಿ ತಾನು ಮಲಗುವ ಜಾಗವನ್ನು ಗಲೀಜು ಮಾಡಲು ಸಹಜವಾಗಿಯೇ ಹಿಂಜರಿಯುತ್ತದೆ, ಶೌಚದ ಅಭ್ಯಾಸ ಪೂರ್ತಿಯಾಗಿ ನಿಂತಿರುವುದು ಈ ಹಿಂಜರಿಕೆಯ ಮೇಲೆ; ಕಿರಿದಾದ ಗೂಡಿನಲ್ಲಿ ತನ್ನ ಮಲಮೂತ್ರದ ನಡುವೆಯೇ ಬೆಳೆದ ಮರಿಯಲ್ಲಿ ಅದು ಅಳಿಸಿಹೋಗಿರುತ್ತದೆ, ಅಂಥ ಮರಿಗೆ ಕಲಿಸಲು ಹೆಚ್ಚು ಕಾಲ ಬೇಕಾಗುತ್ತದೆ ಎಂದು ವಿವರಿಸಿದರು. ನಾಯಿಗಳ ಮಾರಾಟದ ಕುರಿತು 2017ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೀಗಿದ್ದರೂ ಅದಕ್ಕಿಂತ ಎಳೆಯ ಮರಿಗಳನ್ನು ಕೊಂಡು ತರುವವರು ಇದ್ದೇ ಇದ್ದಾರೆ. ಆ ವಾರಗಳಲ್ಲಿ ತಾಯಿ ಮತ್ತು ಒಡಹುಟ್ಟಿದ ಮರಿಗಳು ಕಲಿಸಬೇಕಾದದ್ದನ್ನು ಯಾವ ತರಬೇತುದಾರರೂ ಪೂರ್ತಿಯಾಗಿ ತುಂಬಿಕೊಡಲಾರರು.

ಮೊದಲ ಭೇಟಿಯಲ್ಲಿ ಅವರು ಮರಿಗೆ ಏನನ್ನೂ ಕಲಿಸಲಿಲ್ಲ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಮಧ್ಯಾಹ್ನ ಯಾರು ಮಲಗುತ್ತಾರೆ, ಮರಿಗೆ ಊಟ ಹಾಕುವವರು ಯಾರು ಎಂಬುದನ್ನೆಲ್ಲ ಬರೆದುಕೊಂಡು, ಅದರ ಮೇಲೆ ಮರಿಯ ದಿನಚರಿಯನ್ನು ಕಟ್ಟಿದರು. ಹಣ ಕೊಟ್ಟವರಿಗೆ ಇದು ನಿರಾಸೆ ತರಬಹುದು. ಆದರೆ ಇಡೀ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಒಂದು ಹಾಳೆಯೇ. ಮರಿನಾಯಿಯ ಮೂತ್ರಕೋಶಕ್ಕೆ ಒಂದು ಲೆಕ್ಕವಿದೆ: ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಸೇರಿಸಿದಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಅದು ಮೂರು ಗಂಟೆ, ಅದೂ ಮಲಗಿರುವಾಗ. ಎಚ್ಚರವಾಗಿ ಓಡಾಡುತ್ತಿರುವ ಮರಿಗೆ ಒಂದು ಗಂಟೆಯೂ ಹೆಚ್ಚೇ. ನಿದ್ದೆಯಿಂದ ಎದ್ದ ಕೂಡಲೇ, ಆಟದ ಮಧ್ಯದಲ್ಲಿ, ನೀರು ಕುಡಿದ ಸ್ವಲ್ಪ ಹೊತ್ತಿಗೆ, ಊಟವಾದ ಹತ್ತರಿಂದ ಮೂವತ್ತು ನಿಮಿಷದೊಳಗೆ ಅದನ್ನು ನಿಗದಿಯಾದ ಜಾಗಕ್ಕೆ ಕರೆದೊಯ್ಯಬೇಕು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಕ್ರಿಯೆ. ಆದ್ದರಿಂದಲೇ ಊಟದ ಬಟ್ಟಲನ್ನು ದಿನವಿಡೀ ತುಂಬಿಸಿಡದೆ ಗೊತ್ತಾದ ಹೊತ್ತಿಗೆ ಊಟ ಹಾಕಿ ಉಳಿದದ್ದನ್ನು ಎತ್ತಿಡಬೇಕು. ಊಟಕ್ಕೆ ಹೊತ್ತು ಗೊತ್ತಾದರೆ ಮಲವಿಸರ್ಜನೆಗೂ ಹೊತ್ತು ಗೊತ್ತಾಗುತ್ತದೆ. ನೀರನ್ನು ಮಾತ್ರ ನಮ್ಮ ಅನುಕೂಲಕ್ಕಾಗಿ ಹಗಲಿನಲ್ಲಿ ಕಡಿಮೆ ಮಾಡಕೂಡದೆಂದು ಅವರು ಖಡಾಖಂಡಿತವಾಗಿ ಹೇಳಿದರು.

ಮಧ್ಯಾಹ್ನದ ಹೊಣೆಯನ್ನು ಅತ್ತೆಯವರಿಗೆ ಒಪ್ಪಿಸುವಾಗ ಅವರು ತೋರಿದ ಗೌರವ ನನಗೆ ಮೆಚ್ಚುಗೆಯಾಯಿತು. ಮಂಡಿನೋವಿರುವ ಅತ್ತೆಯವರು ಮರಿಯ ಹಿಂದೆ ಓಡಲಾರರು. "ಅಮ್ಮಾ, ನೀವು ಏಳಬೇಕಾಗಿಲ್ಲ, ಅದು ನೆಲ ಮೂಸುತ್ತಾ ಸುತ್ತತೊಡಗಿದರೆ ಈ ಹಗ್ಗ ಹಿಡಿದು ಬಾಲ್ಕನಿಯ ಕಡೆ ನಡೆಸಿ ಸಾಕು" ಎಂದು ಹೇಳಿ, ಮರಿಯ ಎದೆಪಟ್ಟಿಗೆ ಹಗುರವಾದ ಉದ್ದನೆಯ ಹಗ್ಗವೊಂದನ್ನು ಕಟ್ಟಿ, ಅತ್ತೆಯವರ ಕುರ್ಚಿಯನ್ನು ಬಾಲ್ಕನಿಯ ಬಾಗಿಲ ಬಳಿಗೆ ಸರಿಸಿಕೊಟ್ಟರು. ಯಾರೂ ಗಮನಿಸಲಾಗದ ಹೊತ್ತಿನಲ್ಲಿ ಮರಿಯನ್ನು ಮನೆ ತುಂಬ ಬಿಡದೆ, ಮಡಚುವ ಬೇಲಿಯಿಂದ ಆವರಿಸಿದ ಸಣ್ಣ ಜಾಗದಲ್ಲಿ ಇರಿಸಬೇಕೆಂಬುದು ಅವರ ನಿಯಮ. ಕ್ರೇಟಿನ, ಅಂದರೆ ನಾಯಿಯನ್ನು ಇರಿಸುವ ಬಾಗಿಲುಳ್ಳ ಗೂಡಿನ, ವಿಷಯದಲ್ಲಿ ಅವರಿಗೆ ಹಟವಿರಲಿಲ್ಲ. ಬೇಕಿದ್ದರೆ ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಮಾತ್ರ ಜಾಗವಿರುವುದನ್ನು ಆರಿಸಬೇಕು, ಶಿಕ್ಷೆಗಾಗಿ ಅದರೊಳಗೆ ಎಂದೂ ಹಾಕಬಾರದು ಎಂದಷ್ಟೇ ಹೇಳಿದರು.

ಶೌಚದ ಜಾಗ ಯಾವುದೆಂಬುದು ಮಹಡಿಮನೆಯವರಿಗೆ ದೊಡ್ಡ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಹೀರುವ ಪ್ಯಾಡುಗಳನ್ನು ಅವರು ಪೂರ್ತಿಯಾಗಿ ತಳ್ಳಿಹಾಕಲಿಲ್ಲ, ಆದರೆ ನೆಚ್ಚಿಕೊಳ್ಳಬಾರದೆಂದು ಎಚ್ಚರಿಸಿದರು. ಎಂಟು ವಾರಗಳ ಆಸುಪಾಸಿನಲ್ಲಿ ಮರಿಗೆ ತಾನು ಮೂತ್ರ ಮಾಡುವ ನೆಲದ ಸ್ಪರ್ಶ ಹೇಗಿರಬೇಕೆಂಬ ರೂಢಿ ಬೆಳೆಯತೊಡಗುತ್ತದೆ. ಮೆತ್ತಗಿನ ಬಟ್ಟೆಯಂತಿರುವ ಪ್ಯಾಡಿಗೆ ಒಗ್ಗಿದ ಮರಿಗೆ ಸ್ನಾನದ ಮನೆಯ ಮುಂದಿನ ಕಾಲೊರಸು, ಹಾಸಿಗೆಯ ಮೇಲಿನ ಹೊದಿಕೆ, ದೇವರ ಮನೆಯ ಜಮಖಾನೆ ಎಲ್ಲವೂ ಅದೇ ಪ್ಯಾಡಿನಂತೆಯೇ ತೋರುತ್ತವೆ. ಅದರ ಬದಲು ಬಾಲ್ಕನಿಯ ಮೂಲೆಯಲ್ಲಿ ಅಗಲವಾದ ತಟ್ಟೆಯಲ್ಲಿ ನಿಜವಾದ ಹುಲ್ಲಿನ ಹಾಸನ್ನು ಇರಿಸುವಂತೆ ಸೂಚಿಸಿದರು. ನರ್ಸರಿಗಳಲ್ಲಿ ಈ ಹುಲ್ಲಿನ ಹಾಸು ಸಿಗುತ್ತದೆ. ಬಿಸಿಲಿಗೆ ಒಣಗಿದಾಗ ಬದಲಿಸಬೇಕಾಗುತ್ತದೆ, ನೀರು ಬಸಿದುಹೋಗಲು ತೂತುಗಳಿಲ್ಲದಿದ್ದರೆ ದುರ್ವಾಸನೆ ಹಿಡಿಯುತ್ತದೆ, ಇವೆರಡೂ ನಿಜವಾದ ಕಿರಿಕಿರಿಗಳೇ. ಆದರೂ ಲಸಿಕೆಗಳು ಮುಗಿದು ಕೆಳಗಿನ ಮಣ್ಣುನೆಲಕ್ಕೆ ಕರೆದೊಯ್ದ ದಿನ ಮರಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಆ ಒಂದು ಕಾರಣಕ್ಕಾಗಿ ಪ್ಯಾಡಿಗಿಂತ ಹುಲ್ಲೇ ಮೇಲೆಂದು ನಾನು ನಿಸ್ಸಂಶಯವಾಗಿ ಹೇಳುತ್ತೇನೆ. ಲಿಫ್ಟಿನಲ್ಲಿ ನಾಯಿಯನ್ನು ಕರೆದೊಯ್ಯಬಾರದೆಂದು ನಿವಾಸಿಗಳ ಸಂಘಗಳು ನಿರ್ಬಂಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗೆಂದು ಲಿಫ್ಟಿನಲ್ಲೋ ಮೆಟ್ಟಿಲಲ್ಲೋ ಮರಿ ಮಾಡಿದ ಗಲೀಜನ್ನು ಸ್ವಚ್ಛತಾ ಸಿಬ್ಬಂದಿಗೆ ಬಿಟ್ಟು ಹೋಗುವುದು ಯಾರಿಗೂ ಶೋಭಿಸುವುದಿಲ್ಲ. ಕಾಗದ, ನೀರಿನ ಬಾಟಲಿ ಮತ್ತು ಚೀಲವಿಲ್ಲದೆ ಮನೆಯ ಹೊಸ್ತಿಲು ದಾಟಬಾರದೆಂಬುದು ತರಬೇತುದಾರರ ಪಾಠದ ಭಾಗವೇ ಆಗಿತ್ತು.

ನೆಲ ಒರೆಸುವ ಬಗೆಯನ್ನೂ ಅವರು ಕಲಿಸಿದರು, ಮತ್ತು ಇದನ್ನು ಮನೆಗೆಲಸದ ಹೆಣ್ಣುಮಗಳನ್ನು ಕರೆದು ಕೂರಿಸಿಕೊಂಡೇ ಕಲಿಸಿದರು. ನಮ್ಮಲ್ಲಿ ಎಲ್ಲ ಕೊಳೆಗೂ ಫಿನಾಯಿಲ್ ಒಂದೇ ಮದ್ದು. ಅದರ ಕಟುವಾಸನೆ ನಮ್ಮ ಮೂಗಿಗೆ ಮೂತ್ರದ ವಾಸನೆಯನ್ನು ಮರೆಸುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ಅಲ್ಲದೆ ಫಿನಾಯಿಲ್ ಹಾಕಿದ ನೆಲದ ಮೇಲೆ ಓಡಾಡಿದ ಮರಿ ಆಮೇಲೆ ತನ್ನ ಪಾದಗಳನ್ನು ನೆಕ್ಕಿಕೊಳ್ಳುತ್ತದೆ, ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಪ್ರಾಣಿಗಳಿಗೆ ವಿಷ. ಅಮೋನಿಯ ಇರುವ ದ್ರಾವಣಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅದೇ ಜಾಗಕ್ಕೆ ಮರಿಯನ್ನು ಮತ್ತೆ ಕರೆಯುತ್ತವೆ. ಮೊದಲು ಕಾಗದದಿಂದ ಒದ್ದೆಯನ್ನು ಹೀರಿಸಿ ತೆಗೆದು, ವಾಸನೆಯ ಅಂಶಗಳನ್ನೇ ಒಡೆದುಹಾಕುವ ಕಿಣ್ವದ ದ್ರಾವಣವನ್ನು ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಕೊಳ್ಳಲೇಬೇಕಾದ ಸಾಮಾನು ಯಾವುದೆಂದು ಯಾರಾದರೂ ಕೇಳಿದರೆ, ಆಟಿಕೆಗಳಿಗಿಂತ ಮೊದಲು ನಾನು ಹೆಸರಿಸುವುದು ಈ ದ್ರಾವಣವನ್ನೇ. ಬ್ಲೀಚನ್ನು ಹಸಿ ಮೂತ್ರದ ಮೇಲೆ ಸುರಿಯಬಾರದು, ಏಳುವ ಆವಿ ಮನುಷ್ಯರಿಗೂ ಅಪಾಯಕಾರಿ.

ಬೈಯುವುದು, ಮೂತ್ರದಲ್ಲಿ ಮರಿಯ ಮೂತಿಯನ್ನು ಉಜ್ಜುವುದು, ಸುತ್ತಿದ ಪತ್ರಿಕೆಯಿಂದ ಹೊಡೆಯುವುದು ನಮ್ಮ ಊರುಗಳಲ್ಲಿ ಇನ್ನೂ ಬುದ್ಧಿ ಕಲಿಸುವ ಕ್ರಮವೆಂದೇ ನಡೆಯುತ್ತಿವೆ. ಇದರ ಬಗ್ಗೆ ಅವರ ಮಾತು ನೇರವಾಗಿತ್ತು. ಮಾಡಿದ ಕೆಲಸಕ್ಕೂ ಸಿಕ್ಕ ಫಲಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರವಿದ್ದರೂ ಮರಿ ಅವೆರಡನ್ನೂ ಜೋಡಿಸಿಕೊಳ್ಳಲಾರದು. ಸಂಜೆ ಮನೆಗೆ ಬಂದವರು ಮಧ್ಯಾಹ್ನದ ಗಲೀಜಿಗೆ ಹೊಡೆದರೆ ಮರಿ ಕಲಿಯುವುದು ಬಾಗಿಲು ತೆರೆದು ಬರುವವರಿಗೆ ಹೆದರುವುದನ್ನು ಮಾತ್ರ. ಮಾಡುತ್ತಿರುವಾಗಲೇ ಹಿಡಿದು ಹೊಡೆದರೂ, ಮನುಷ್ಯರ ಕಣ್ಣೆದುರು ಮೂತ್ರ ಮಾಡುವುದು ಅಪಾಯವೆಂದು ತಿಳಿದು ಸೋಫಾದ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಹಗ್ಗ ಹಿಡಿದು ಹೊರಗೆ ನಿಂತರೂ ನಮ್ಮೆದುರು ಮಾಡದೆ ಮನೆಗೆ ಬಂದು ಮಾಡುತ್ತದೆ. ಅತಿಥಿಗಳು ಬಂದಾಗ ನೆಲಕ್ಕೆ ಅಂಟಿಕೊಂಡು, ಕಿವಿ ಹಿಂದಕ್ಕೆ ಮಡಚಿ ಒಂದೆರಡು ಹನಿ ಬಿಡುವ ಮರಿ ಹೆದರಿದೆಯೆಂದೇ ಅರ್ಥ, ಅದಕ್ಕೆ ಗದರಿಕೆ ಬೆಂಕಿಗೆ ತುಪ್ಪ. ಪಾಠ ಕಲಿತ ಮರಿ ದಿಢೀರನೆ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡತೊಡಗಿದರೆ ಮೂತ್ರನಾಳದ ಸೋಂಕಿರಬಹುದು. ಆಗ ಕರೆಯಬೇಕಾದದ್ದು ತರಬೇತುದಾರರನ್ನಲ್ಲ, ಪಶುವೈದ್ಯರನ್ನು ಎಂದು ಅವರೇ ಹೇಳಿದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಲಸಿಕೆ ಮತ್ತು ಹೊರಗಿನ ಲೋಕದ ಪರಿಚಯ, ಇವೆರಡರ ನಡುವಿನ ಇಕ್ಕಟ್ಟನ್ನು ಅವರು ಬಿಡಿಸಿದ ರೀತಿ ಈ ಸೇವೆಯ ಇನ್ನೊಂದು ಬಲ. ಮರಿಗಳಿಗೆ ಆರರಿಂದ ಎಂಟು ವಾರಗಳಲ್ಲಿ ಲಸಿಕೆ ಆರಂಭವಾಗಿ, ಹದಿನಾರು ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮುಂದುವರಿಯುತ್ತದೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳುತ್ತದೆ. ಅಲ್ಲಿಯವರೆಗೆ ಮರಿಗಳ ಜೀವಕ್ಕೇ ಎರವಾಗಬಲ್ಲ ಪಾರ್ವೊ ಎಂಬ ಕರುಳಿನ ರೋಗದ ಭಯ ಸಣ್ಣದಲ್ಲ. 1978ರಲ್ಲಿ ಗುರುತಿಸಲಾದ ಈ ವೈರಾಣು ಸೋಂಕಿತ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಉಳಿಯಬಲ್ಲದು, ಬೀದಿನಾಯಿಗಳು ಓಡಾಡುವ ನಮ್ಮ ರಸ್ತೆಯಂಚುಗಳಲ್ಲಿ ಮರಿಯನ್ನು ಇಳಿಸುವುದು ಅಪಾಯ. ಆದರೆ ಇದೇ ಕಾರಣಕ್ಕೆ ನಾಲ್ಕು ತಿಂಗಳವರೆಗೆ ಮರಿಯನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿದರೆ ಇನ್ನೊಂದು ಹಾನಿ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ನಾಯಿಮರಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್, ಮೂರನೆಯ ವಾರದಿಂದ ಹನ್ನೆರಡನೆಯ ವಾರದ ಆಸುಪಾಸಿನವರೆಗೆ ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಆಮೇಲೆ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಅಲ್ಲಿನ ಪಶುವೈದ್ಯ ವರ್ತನತಜ್ಞರ ಸಂಘವು, ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮರಿಗಳನ್ನು ಏಳೆಂಟು ವಾರದ ವಯಸ್ಸಿನಿಂದಲೇ ಸ್ವಚ್ಛವಾದ ಸ್ಥಳದ ತರಗತಿಗಳಿಗೆ ಸೇರಿಸಬಹುದೆಂದು 2008ರಲ್ಲಿಯೇ ಹೇಳಿದೆ. ನಮ್ಮ ತರಬೇತುದಾರರು ಕಂಡುಕೊಂಡ ದಾರಿ ಬೆಂಗಳೂರಿಗೆ ತಕ್ಕದ್ದು: ಮರಿಯನ್ನು ನೆಲಕ್ಕೆ ಇಳಿಸದೆ ತೋಳಲ್ಲಿ ಎತ್ತಿಕೊಂಡು ಸಂತೆಬೀದಿ, ಬಸ್ ನಿಲ್ದಾಣ, ಶಾಲೆ ಬಿಡುವ ಹೊತ್ತಿನ ಗೇಟು, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಗ್ಯಾಸ್ ಸಿಲಿಂಡರು ಉರುಳಿಸುವವರು ಎಲ್ಲವನ್ನೂ ದೂರದಿಂದ ತೋರಿಸಿ, ಪ್ರತಿ ಸಲವೂ ಬಾಯಿಗೆ ತಿನಿಸಿನ ಒಂದು ತುಣುಕು ಹಾಕುವುದು. ಮನೆಯಲ್ಲಿ ಪಟಾಕಿಯ ಧ್ವನಿಮುದ್ರಣವನ್ನು ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ ಊಟದ ಹೊತ್ತಿಗೆ ಹಾಕಿ, ದಿನಗಳೆದಂತೆ ಮೆಲ್ಲಗೆ ಏರಿಸುವುದು. ದೀಪಾವಳಿಯ ರಾತ್ರಿಗಳಲ್ಲಿ ನಾಯಿಗಳು ಪಡುವ ಪಾಡನ್ನು ನೋಡಿದವರಿಗೆ ಈ ಪಾಠದ ಬೆಲೆ ತಿಳಿಯುತ್ತದೆ.

ಹೇಳಿದ ಮಾತು ಕೇಳುವ ಪಾಠಗಳನ್ನು ಅವರು ಸರಳವಾಗಿಯೇ ಇಟ್ಟುಕೊಂಡರು. ಕೂತುಕೊಳ್ಳುವುದು, ಕರೆದಾಗ ಬರುವುದು, ಬಾಯಲ್ಲಿರುವುದನ್ನು ಬಿಡುವುದು, ಬಾಗಿಲ ಬಳಿ ತಡೆಯುವುದು, ಹಗ್ಗ ಸಡಿಲವಾಗಿರುವಂತೆ ನಡೆಯುವುದು, ಇಷ್ಟೇ. ತುಣುಕನ್ನು ಮರಿಯ ಮೂಗಿನ ಬಳಿ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ ಮೂತಿ ಮೇಲೇರಿ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣದಲ್ಲೇ "ಭೇಷ್" ಎಂದು ತುಣುಕು ಕೊಡಬೇಕು, ಬೆನ್ನನ್ನು ಒತ್ತಿ ಕೂರಿಸಬಾರದು. ವಿದೇಶಗಳಲ್ಲಿ ಈ ಕ್ಷಣವನ್ನು ಗುರುತಿಸಲು ಕ್ಲಿಕ್ಕರ್ ಎಂಬ ಸಣ್ಣ ಸದ್ದಿನ ಪೆಟ್ಟಿಗೆಯನ್ನು ಬಳಸುತ್ತಾರೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ರೂಪಿಸಿದ ಕಲಿಕೆಯ ತತ್ತ್ವದ ಮೇಲೆ ನಿಂತ ಈ ವಿಧಾನವನ್ನು ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಕರೆನ್ ಪ್ರಯರ್ ನಾಯಿ ಸಾಕುವವರಲ್ಲಿ ಜನಪ್ರಿಯಗೊಳಿಸಿದರು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ತುಣುಕು ಹಿಡಿದ ಮನೆಯವರಿಗೆ ಬಾಯಿಮಾತೇ ಅನುಕೂಲವೆಂದು ನಮ್ಮ ತರಬೇತುದಾರರು ಪೆಟ್ಟಿಗೆಯನ್ನು ಕೊಳ್ಳಿಸಲಿಲ್ಲ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಮೀರದಂತೆ, ಮರಿಗೆ ಇನ್ನೂ ಆಸೆ ಇರುವಾಗಲೇ ಪಾಠ ನಿಲ್ಲಿಸಬೇಕು. ನಮ್ಮದು ಸಸ್ಯಾಹಾರಿ ಮನೆ. ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್ ಮತ್ತು ಉಪ್ಪಿಲ್ಲದ ಪನ್ನೀರನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿ ಬಳಸಿದೆವು, ಅಷ್ಟನ್ನು ಊಟದಿಂದ ಕಳೆದೆವು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ನಾಯಿಗಳಿಗೆ ವಿಷ. ಪಾಯಸದ ಬಟ್ಟಲನ್ನು ನೆಕ್ಕಿಸುವ ಪ್ರೀತಿ ಬೇಡ.

ಕರೆದಾಗ ಬರುವ ಪಾಠದಲ್ಲಿ ಅವರು ಒಂದು ನಿಯಮವನ್ನು ಮುರಿಯಗೊಡಲಿಲ್ಲ. "ಬಾ" ಎಂದು ಕರೆದು ಸ್ನಾನಕ್ಕೆ ಎತ್ತಿಕೊಳ್ಳಬಾರದು, ಉಗುರು ಕತ್ತರಿಸಬಾರದು, ಬೈಯಬಾರದು. ಅದಕ್ಕೆಲ್ಲ ನಾವೇ ಎದ್ದು ಮರಿಯ ಬಳಿಗೆ ಹೋಗಬೇಕು. ವಾಹನಗಳು ನುಗ್ಗುವ ನಮ್ಮ ರಸ್ತೆಗಳಲ್ಲಿ ಹಗ್ಗ ಕೈತಪ್ಪಿದ ದಿನ ನಾಯಿಯ ಜೀವ ಉಳಿಸುವುದು ಈ ಒಂದು ಪಾಠವೇ ಆದ್ದರಿಂದ, ಆ ಕರೆಗೆ ಸದಾ ಒಳ್ಳೆಯದೇ ಸಿಗಬೇಕು. ಕಚ್ಚುವ ವಿಷಯವನ್ನು ಬೇಗ ಮುಗಿಸಿದರು: ನಾಲ್ಕು ತಿಂಗಳ ಆಸುಪಾಸಿನಲ್ಲಿ 28 ಹಾಲುಹಲ್ಲುಗಳು ಬೀಳತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ, ಅಲ್ಲಿಯವರೆಗೆ ಅಗಿಯಲು ತಣ್ಣಗಿನ ಒದ್ದೆ ಬಟ್ಟೆಯ ಗಂಟು ಕೊಡಿ, ಕೈಗೆ ಬಾಯಿ ಹಾಕಿದರೆ ಆಟ ನಿಲ್ಲಿಸಿ ಎದ್ದುಹೋಗಿ ಎಂದರು. ಕೊರಳು ಬಿಗಿಯುವ ಸರಪಳಿಯನ್ನಾಗಲಿ ಮುಳ್ಳುಪಟ್ಟಿಯನ್ನಾಗಲಿ ಅವರು ಮುಟ್ಟುವುದಿಲ್ಲ.

ಕೊರತೆಗಳಿವೆ. ಅವರು ಕೊಟ್ಟ ಅಚ್ಚಾದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಹಗಲಿಡೀ ಮರಿಯನ್ನು ನೋಡಿಕೊಳ್ಳುವ ಅತ್ತೆಯವರೂ ಮನೆಗೆಲಸದವರೂ ಅದನ್ನು ಓದಲಾರರು. ಕನ್ನಡದಲ್ಲಿಯೇ ಇಷ್ಟು ಸೊಗಸಾಗಿ ಪಾಠ ಹೇಳುವವರು ಎರಡು ಪುಟಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸದಿರುವುದು ನನಗೆ ದುಃಖದ ಸಂಗತಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ದಿನಚರಿಯನ್ನೂ ಆಜ್ಞೆಗಳ ಪಟ್ಟಿಯನ್ನೂ ಮಗಳು ಕನ್ನಡದಲ್ಲಿ ಬರೆದುಕೊಟ್ಟಳು. ಮರಿಯನ್ನು ಒಂಟಿಯಾಗಿ ಬಿಡುವ ಅಭ್ಯಾಸಕ್ಕೆ ಕಡೆಯ ಭೇಟಿಯಲ್ಲಿ ಅರ್ಧ ಗಂಟೆ ಮಾತ್ರ ಸಿಕ್ಕಿತು. ಗಂಡಹೆಂಡತಿ ಇಬ್ಬರೇ ಇದ್ದು ಇಬ್ಬರೂ ಕಚೇರಿಗೆ ಹೋಗುವ ಮನೆಗೆ ಇದು ಮೊದಲ ವಾರದಿಂದಲೇ ಬೇಕಾದ ಪಾಠ: ಒಂದು ನಿಮಿಷದಿಂದ ಆರಂಭಿಸಿ, ಮರಿ ಅಳುವ ಮುನ್ನವೇ ಹಿಂತಿರುಗಿ, ಅಂತರವನ್ನು ಮೆಲ್ಲನೆ ಹೆಚ್ಚಿಸುವ ಕೆಲಸಕ್ಕೆ ವಾರಗಳೇ ಬೇಕು. ಪೂರ್ತಿ ಶುಲ್ಕವನ್ನು ಮುಂಗಡವಾಗಿ ಪಡೆಯುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಶುಲ್ಕ ಸಣ್ಣದಲ್ಲ, ಒಂದು ಸಾಧಾರಣ ಕ್ರೇಟಿಗೂ ಎರಡು ತಿಂಗಳ ಪ್ಯಾಡುಗಳಿಗೂ ಆಗುವ ಖರ್ಚಿಗಿಂತ ಹೆಚ್ಚು. ಮೊದಲ ಭೇಟಿಯ ನಂತರ ಮುಂದುವರಿಯುವ ಆಯ್ಕೆಯನ್ನು ಮನೆಯವರಿಗೆ ಕೊಡಬೇಕು.

ಮರಿಯನ್ನು ತಮ್ಮ ಕೇಂದ್ರಕ್ಕೆ ಕರೆದೊಯ್ದು, ಕೆಲವು ವಾರಗಳಲ್ಲಿ ಎಲ್ಲವನ್ನೂ ಕಲಿಸಿ ಮರಳಿಸುತ್ತೇವೆನ್ನುವ ಸೇವೆಗಳೂ ಇವೆ. ಸಮಯವಿಲ್ಲದವರಿಗೆ ಇದು ಆಕರ್ಷಕವಾಗಿ ಕಾಣುತ್ತದೆ, ಆದರೆ ಶೌಚದ ಅಭ್ಯಾಸಕ್ಕೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ನಾಯಿ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾನಾಗಿ ಅನ್ವಯಿಸಿಕೊಳ್ಳುವುದಿಲ್ಲ. ಅಲ್ಲಿನ ಅಂಗಳ ಕಲಿತ ಮರಿಗೆ ನಮ್ಮ ಬಾಲ್ಕನಿ ಹೊಸ ಊರೇ. ಬಾಗಿಲು ಮುಚ್ಚಿದ ಆ ವಾರಗಳಲ್ಲಿ ಮರಿಯನ್ನು ಹೇಗೆ ನಡೆಸಿಕೊಂಡರೆಂಬುದು ನಮಗೆ ತಿಳಿಯುವುದಿಲ್ಲ, ಅದಕ್ಕೋ ಹೇಳಲು ಬಾಯಿಲ್ಲ.

ಮನೆಗೆ ಬರುವ ಸೇವೆಯನ್ನು ಗೊತ್ತುಮಾಡುವ ಮುನ್ನ ದೂರವಾಣಿಯಲ್ಲೇ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಮರಿ ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ? ಪಾಠದ ಹೊತ್ತಿನಲ್ಲಿ ಮನೆಯವರೆಲ್ಲ ಜೊತೆಗಿರಬಹುದೇ? ಲಸಿಕೆ ಮುಗಿಯದ ಮರಿಗೆ ಯಾವ ಪಾಠ, ಬೇರೆ ನಾಯಿಗಳ ಮನೆಯಿಂದ ಬರುವಾಗ ಪಾದರಕ್ಷೆ ಬದಲಿಸಿ ಕೈ ತೊಳೆಯುತ್ತೀರಾ? ಮೊದಲ ಪ್ರಶ್ನೆಗೆ "ಯಜಮಾನ ಯಾರೆಂದು ತೋರಿಸಬೇಕು" ಎಂಬ ಉತ್ತರ ಬಂದರೆ ಅಲ್ಲಿಗೇ ಮಾತು ಮುಗಿಸುವುದು ಒಳ್ಳೆಯದು. ಹಾಗೆಯೇ, ಮನೆಯಲ್ಲಿ ಹಗಲು ಯಾರೂ ಇರದಿದ್ದರೆ, ಅಥವಾ ಇರುವವರಿಗೆ ಮರಿ ಬೇಡವಾಗಿದ್ದರೆ, ಈ ಸೇವೆಗೆ ಹಣ ಕೊಡುವ ಮೊದಲು ಮಧ್ಯಾಹ್ನದ ಹೊತ್ತಿಗೆ ಮರಿಯನ್ನು ಎತ್ತಿ ಹೊರಗೆ ಒಯ್ಯುವವರೊಬ್ಬರನ್ನು ಗೊತ್ತುಮಾಡಿಕೊಳ್ಳಬೇಕು.